ಯಾರ ಕೈ ಅಳತೆಯ ಬಳೆ?

ತುಮಕೂರಿನ ಬಟವಾಡಿಯ ಒಂದು ಮಹಡಿ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಡೆಯುವುದೆಲ್ಲ ತರಕಾರಿಯ ಮಾತು. ಬದನೆಕಾಯಿಗೆ ಇನ್ನೂ ಕೋಪ ಇಳಿದಿಲ್ಲ, ಸೋರೆಕಾಯಿ ಅಪ್ಪನ ಫೋನ್ ಎತ್ತುತ್ತಿಲ್ಲ, ಹಾಗಲಕಾಯಿ ಅತ್ತುಬಿಟ್ಟಿತು. ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಚಿಕ್ಕಗಂಗಮ್ಮ ಒಗೆದ ಬಟ್ಟೆ ಒಣಹಾಕಲು ಮೆಟ್ಟಿಲು ಹತ್ತುವಾಗ ಇದನ್ನೆಲ್ಲ ಕೇಳಿ, ಒಂದು ದಿನ ತಡೆಯಲಾರದೆ ಅಂದರು: “ಅಲ್ಲ ಕಣವ್ವ, ವಾರವಾರ ಇಷ್ಟೊಂದು ತರ್ಕಾರಿ ಮಾತಾಡ್ತೀರಿ. ಒಂದಿನಾನೂ ಮ್ಯಾಲಿಂದ ಹುಳಿ ವಾಸ್ನೆ ಬರ್ಲಿಲ್ವಲ್ಲ?”

ಮನೆಯ ಒಡತಿ ದಾಕ್ಷಾಯಣಿ ನಕ್ಕರು. ತರಕಾರಿಯ ಹೆಸರು ಇಟ್ಟಿದ್ದೇ ಚಿಕ್ಕಗಂಗಮ್ಮನಂಥವರ ಕಿವಿಗಾಗಿ.

ದಾಕ್ಷಾಯಣಿ ಕೋರ ಎಂಬ ಊರಿನ ಕಡೆಯ ರೈತರ ಮನೆಯ ಮಗಳು. ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ದುಡಿದು ನಿವೃತ್ತರಾದವರು. ಈಗ ಅವರ ಬಳಿಗೆ ಬರುವವರು ರೋಗಿಗಳಲ್ಲ, ಆಪ್ತಸಮಾಲೋಚಕರು. ಅದರಲ್ಲೂ ಮಾತು ಬಿಟ್ಟ ಮನೆಗಳ ಜೊತೆ ಕೆಲಸ ಮಾಡುವವರು. ಅಪ್ಪನನ್ನು ಮಾತಾಡಿಸದ ಮಗ, ಅಕ್ಕನ ಹೊಸ್ತಿಲು ತುಳಿಯದ ತಂಗಿ, ಇಂಥವರ ಕಥೆ ಕೇಳಿ ಕೇಳಿ ಕೇಳಿದವರ ಕಿವಿಯೂ ತುಂಬುತ್ತದೆ. ಆ ಕಿವಿಗಳಿಗೂ ಯಾರಾದರೂ ಕಿವಿಯಾಗಬೇಕು. ಈ ಕೆಲಸಕ್ಕೆ ಸೂಪರ್‌ವಿಷನ್ ಎನ್ನುತ್ತಾರೆ. ತಾನು ಸೂಪರ್‌ವೈಸರ್ ಎಂದು ದಾಕ್ಷಾಯಣಿ ಹೇಳಿದರೆ ಆಟೋದವರು, “ವಸಂತನರಸಾಪುರದಲ್ಲಾ ಮೇಡಂ? ಯಾವ ಫ್ಯಾಕ್ಟ್ರಿ?” ಎನ್ನುತ್ತಾರೆ. ದಾಕ್ಷಾಯಣಿ ಹಾಗೆ ಹೇಳುವುದನ್ನೇ ಬಿಟ್ಟಿದ್ದಾರೆ.

ಅವರ ಕೋಣೆಯಲ್ಲಿ ಎರಡು ಪದ್ಧತಿ. ಒಂದು, ಸಮಾಲೋಚನೆಗೆ ಬಂದವರ ಹೆಸರು ಎತ್ತುವಂತಿಲ್ಲ. ಆ ಕ್ಷಣಕ್ಕೆ ತೋಚಿದ ತರಕಾರಿಯೇ ಹೆಸರು. ಇನ್ನೊಂದು, ಸಮಾಲೋಚಕರು ಎಷ್ಟೇ ದೊಡ್ಡ ಜಗಳ ಹೇಳಲಿ, ದಾಕ್ಷಾಯಣಿ ಮೊದಲು ಕೇಳುವುದು ಒಂದೇ ಪ್ರಶ್ನೆ: “ಆಗ ನೀನೆಲ್ಲಿದ್ದೆ?” ಕುಣಿಗಲ್‌ನ ಸಮಾಲೋಚಕ ಪ್ರಭುದೇವ ಒಬ್ಬ ತಂದೆ-ಮಗನ ನಡುವೆ ಕೂತು, ತಮಗೇ ತಿಳಿಯದೆ ಮಗನ ವಕೀಲರಾಗಿಬಿಟ್ಟಿದ್ದು ಹೊರಬಂದದ್ದು ಈ ಪ್ರಶ್ನೆಯಿಂದಲೇ.

ಈ ಸಲ ಗೌರಿ ಹಬ್ಬ ಕಳೆದ ಮೇಲಿನ ಶನಿವಾರ, ಗುಬ್ಬಿಯ ಸಮಾಲೋಚಕಿ ಶಿಲ್ಪಾ ಎರಡೂ ಕೈಯಲ್ಲಿ ಒಂದು ಮೊರದ ಬಾಗಿನ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಮೇಲೆ ಮುಚ್ಚಿದ ಮೊರ ಜಾರದಂತೆ ದಾರ ಕಟ್ಟಿತ್ತು.

“ಓಹೋ, ಮೇಡಂಗೆ ಬಾಗಿನ! ನಮಗೇನೂ ಇಲ್ವಾ ಶಿಲ್ಪಮ್ಮ?” ಎಂದರು ಪ್ರಭುದೇವ.

“ಸುಮ್ನಿರಿ ಸಾರ್. ಇದು ನನ್ ತಲೆನೋವು.” ಬಾಗಿನವನ್ನು ಮೇಜಿನ ಮೇಲಿಟ್ಟು ಶಿಲ್ಪಾ ಕುಸಿದು ಕೂತರು. “ಮೇಡಂ, ನಾನು ಈ ಕೆಲ್ಸ ಬಿಡ್ತೀನಿ. ನಮ್ಮೂರ ಸ್ಕೂಲಲ್ಲಿ ಟೀಚರ್ ಕೆಲ್ಸಕ್ಕೆ ಕರೀತಿದಾರೆ. ಸೋಮವಾರ ಹೇಳ್ಬೇಕು.”

“ಹೇಳುವಂತೆ. ಮೊದ್ಲು ಇದ್ರ ಕಥೆ ಹೇಳು,” ಎಂದರು ದಾಕ್ಷಾಯಣಿ.

ಕಥೆ ಬದನೆಕಾಯಿಯದು. ಆತ ಗುಬ್ಬಿಯವರು, ತಂಗಿ ಹೀರೇಕಾಯಿ ಕುಣಿಗಲ್‌ಗೆ ಮದುವೆಯಾಗಿ ಹೋದವರು. ಕೆಲವು ವರ್ಷದ ಹಿಂದೆ ಅಣ್ಣ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶದ ಆಮಂತ್ರಣವನ್ನು ತಂಗಿಗೆ ವಾಟ್ಸಪ್‌ನಲ್ಲಿ ಕಳಿಸಿದ್ದರು. ಹೆಣ್ಣುಮಗಳನ್ನು ಮನೆಗೆ ಬಂದು, ಅರಿಶಿನ ಕುಂಕುಮ ಕೊಟ್ಟು ಕರೆಯಬೇಕು. ತಂಗಿ ಬರಲಿಲ್ಲ. ಬರಲಿಲ್ಲವೆಂದು ಅಣ್ಣ ಮುನಿದರು. ಮಾತು ನಿಂತಿತು. ನಿದ್ದೆ ಬರುವುದಿಲ್ಲವೆಂದು ಶಿಲ್ಪಾರ ಬಳಿಗೆ ಬಂದ ಬದನೆಕಾಯಿ, ಹಲವು ಭೇಟಿಗಳ ಬಳಿಕ ತಂಗಿಯ ಹೆಸರೆತ್ತಿ ಅತ್ತರು. ಈ ಗೌರಿಗೆ ಬಾಗಿನ ಕಳಿಸುವ ಮನಸ್ಸಾಗಿದೆ, ಹೋಗಲು ಮುಖವಿಲ್ಲ ಎಂದರು.

ಶಿಲ್ಪಾ ಸ್ಕೂಟಿ ಹತ್ತಿದರು. ಬಾಗಿನವನ್ನು ಕಾಲ ಬಳಿ ಇಟ್ಟುಕೊಂಡು ತುಮಕೂರು, ಹೆಬ್ಬೂರು ದಾಟಿ ಕುಣಿಗಲ್‌ಗೆ ಹೋದರು. ಹೀರೇಕಾಯಿ ಒಳಗೆ ಕರೆದು ಕಾಫಿ ಕೊಟ್ಟರು, ಕುಂಕುಮ ಕೊಟ್ಟರು. ಬಾಗಿನವನ್ನು ಮಾತ್ರ ಮುಟ್ಟಲಿಲ್ಲ. “ತವ್ರಿನವ್ರು ಕೊಟ್ರೆ ತಗೋತೀನಿ. ನೀವ್ಯಾರಮ್ಮ?” ಎಂದರು.

ಗುಬ್ಬಿಗೆ ಮರಳಿ ಹೇಳಿದರೆ ಬದನೆಕಾಯಿಯ ಉತ್ತರ: “ಕಳ್ಸೋದು ಕಳ್ಸಿದೀನಿ. ತಗೊಳ್ದಿದ್ದು ಅವ್ಳಿಷ್ಟ.” ಆಮೇಲೆ ಆತ ಬರುವುದನ್ನೇ ನಿಲ್ಲಿಸಿದರು. ಬಾಗಿನ ಶಿಲ್ಪಾರ ಮನೆಯಲ್ಲಿ ಉಳಿಯಿತು. ಅದನ್ನು ಬಿಚ್ಚುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಅತ್ತೆ ದಿನಾ, “ಯಾರ್ದೇ ಇದು, ದೇವ್ರ ಮುಂದೆ ಕೂತದೆ?” ಎಂದು ಕೇಳುತ್ತಿದ್ದರು.

ಪ್ರಭುದೇವ ತಮಾಷೆ ನಿಲ್ಲಿಸಿದ್ದರು. “ವಾಟ್ಸಪ್ ಬದ್ಲು ಈ ಸಲ ನೀವು ಹೋದ್ರಿ, ಅಷ್ಟೇ,” ಎಂದರು ಮೆಲ್ಲಗೆ.

ಶಿಲ್ಪಾ ತಲೆ ತಗ್ಗಿಸಿದರು. ದಾಕ್ಷಾಯಣಿ ಬೈಯಲಿಲ್ಲ. ಮೇಲಿನ ಮೊರವನ್ನು ಸ್ವಲ್ಪ ಸರಿಸಿ ಒಳಗೆ ನೋಡಿದರು. ಅಕ್ಕಿ, ಬೇಳೆ, ಬೆಲ್ಲ, ಬಿಚ್ಚೋಲೆ, ರವಿಕೆ ಕಣ, ಹಸಿರು ಗಾಜಿನ ಬಳೆ.

“ಚೆನ್ನಾಗಿವೆ ಬಳೆ. ಯಾರು ಆರ್ಸಿದ್ದು?”

“ನಾನೇ. ಅವ್ರು ದುಡ್ಡು ಕೊಟ್ಟು, ನೀವೇ ತಂದ್ಬಿಡಿ ಮೇಡಂ ಅಂದ್ರು.”

“ಯಾರ ಕೈ ಅಳತೆ?”

ಶಿಲ್ಪಾ ತಮ್ಮ ಕೈ ನೋಡಿಕೊಂಡರು. “ನಂದೇ... ಅಂಗ್ಡೀಲಿ ಹಾಕಿ ನೋಡ್ದೆ.” ಬಳೆಗಳನ್ನು ನೋಡುತ್ತ ಹೇಳಿದರು: “ನಂಗೆ ಅಣ್ಣ-ತಮ್ಮ ಯಾರೂ ಇಲ್ಲ ಮೇಡಂ. ಇದ್ದು, ತಂದಿದ್ರೆ, ಇಂಥವೇ ತರ್ಲಿ ಅಂತ ಅನ್ನಿಸ್ತು.”

“ಹಂಗಾದ್ರೆ ಕುಣಿಗಲ್‌ಗೆ ಹೋದಾಗ ನೀನೆಲ್ಲಿದ್ದೆ?”

ಶಿಲ್ಪಾರಿಗೆ ಅಳುವೂ ನಗುವೂ ಒಟ್ಟಿಗೇ ಬಂತು. “ನನ್ ತವ್ರಲ್ಲಿದ್ದೆ.”

“ಆಸೆ ತಪ್ಪಲ್ಲ ಕಣಮ್ಮ. ಅದನ್ನ ಇಲ್ಲಿ ತಂದು ಇಟ್ಯಲ್ಲ, ಅದಕ್ಕೇ ಈ ಕೋಣೆ ಇರೋದು. ಈಗ ಆ ಅಣ್ಣನ ಭಾರ ಅಣ್ಣಂಗೆ ವಾಪಸ್ ಕೊಡು.”

“ಬೇಜಾರು ಮಾಡ್ಕೊಂಡು ಪೂರ್ತಿ ಹೋಗ್ಬಿಟ್ರೆ?”

“ಈಗೇನು ಬರ್ತಾ ಇದಾರಾ?” ಎಂದರು ದಾಕ್ಷಾಯಣಿ. ಪ್ರಭುದೇವ ಮೊದಲು ನಕ್ಕರು.

ಬಾಗಿನ ಮತ್ತೆ ಮೆಟ್ಟಿಲಿಳಿಯುವಾಗ ಚಿಕ್ಕಗಂಗಮ್ಮ ಅಡ್ಡ ನಿಂತರು. “ಗೌರಿ ಕಳೀತಲ್ಲವ್ವ, ಈಗ್ಯಾರ್ಗೆ ಬಾಗ್ಣ?”

“ತಡ ಆಗೋಯ್ತು ಅಲ್ವಾ ಅಜ್ಜಿ?”

“ಬುಡು ಬುಡು. ತವ್ರು ಮನೇದು ಯಾವತ್ ಬಂದ್ರೂ ಹಬ್ಬಾನೆ.”

ಶಿಲ್ಪಾ ಅಂದು ಸಂಜೆಯೇ ಬದನೆಕಾಯಿಗೆ ಫೋನ್ ಮಾಡಿ, ನಿಮ್ಮ ವಸ್ತು ನನ್ನಲ್ಲಿದೆ, ಬನ್ನಿ ಎಂದರು. ಸೋಮವಾರ ಬೆಳಿಗ್ಗೆ ಆತ ಬಂದರು. ಕೂರದೆ ಬಾಗಿಲಲ್ಲೇ ನಿಂತರು. ಶಿಲ್ಪಾ ಬಾಗಿನವನ್ನು ಮುಂದಿಟ್ಟು, “ಇದು ನಿಮ್ದು ಸಾರ್. ನಾನು ತಗೊಂಡ್ ಹೋಗಿದ್ದೇ ತಪ್ಪು. ಏನ್ ಮಾಡ್ಬೇಕೋ ನೀವೇ ಯೋಚ್ನೆ ಮಾಡಿ,” ಎಂದರು. ಬೇರೇನೂ ಹೇಳಬಾರದೆಂದು ನಾಲಿಗೆ ಬಿಗಿಹಿಡಿದು ಕೂತರು.

ಬದನೆಕಾಯಿ ಮೊರ ಸರಿಸಿದರು. ಒಂದು ಬಳೆ ಎತ್ತಿ ಬೆಳಕಿಗೆ ಹಿಡಿದರು. ಮುಖ ಗಂಟಿಕ್ಕಿತು.

“ಏನ್ ಮೇಡಂ ಇದು, ಇಷ್ಟು ಸಣ್ಣವು! ಅವ್ಳದು ದಪ್ಪ ಕೈ. ಚಿಕ್ಕವಳಿದ್ದಾಗ ಬಳೆ ತೊಡ್ಸೋಕೆ ಬಳೆಗಾರ ಒದ್ದಾಡೋನು, ಅವ್ಳು ಕಿರ್ಚೋಳು. ನಾನೇ ಕೈ ಹಿಡ್ಕೊಂಡು ಕೂತ್ಕೋತಿದ್ದೆ.” ಹೇಳುತ್ತಲೇ ಕುರ್ಚಿ ಎಳೆದು ಕೂತರು. ಆ ದಿನ ಅವರು ಮಾತಾಡಿದ್ದೆಲ್ಲ ತಂಗಿಯ ಕೈಯ ಬಗ್ಗೆ. ಹೊರಡುವಾಗ ಬಾಗಿನವನ್ನು ತಾವೇ ಎತ್ತಿಕೊಂಡರು. ಬಳೆ ಅಂಗಡಿ ಎಲ್ಲಿ ಎಂದು ಮಾತ್ರ ಕೇಳಿದರು.

ಆತ ಕುಣಿಗಲ್‌ಗೆ ಹೋಗುತ್ತಾರೋ ಇಲ್ಲವೋ ಶಿಲ್ಪಾರಿಗೆ ಗೊತ್ತಿರಲಿಲ್ಲ. ಆದರೂ ಮಧ್ಯಾಹ್ನ ಸ್ಕೂಲಿಗೆ ಫೋನ್ ಮಾಡಿ, ಕೆಲಸ ಬೇಡವೆಂದರು.

ಮುಂದಿನ ಸಲ ಮಹಡಿ ಕೋಣೆಗೆ ಬಂದಾಗ ಅವರ ಕೈ ಖಾಲಿ, ಬಾಯಿ ತುಂಬ ಸುದ್ದಿ. ಬದನೆಕಾಯಿ ಬಸ್ಸಲ್ಲಿ ಹೋಗಿದ್ದರಂತೆ. ಬಾಗಿಲು ತೆಗೆದ ಹೀರೇಕಾಯಿ, ಬಾಗಿನ ಹಿಡಿದು ನಿಂತ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, “ಯಾಕೆ, ವಾಟ್ಸಪ್ ಕೆಟ್ಟೋಗಿದ್ಯಾ?” ಎಂದರಂತೆ. ಅಣ್ಣ, “ಬಳೆ ಅದ್ರಲ್ಲಿ ತೂರ್ಲಿಲ್ಲ ಕಣೇ,” ಎಂದರಂತೆ. ಬಳೆ ಸರಿಹೋದವು. ಮನಸ್ಸು ಸರಿಹೋಗಲು ಇನ್ನೂ ಕಾಲ ಬೇಕು. ದೀಪಾವಳಿಗೆ ಗುಬ್ಬಿಗೆ ಬರುವ ಬಗ್ಗೆ ಹೀರೇಕಾಯಿ ಏನೂ ಹೇಳಿಲ್ಲ. ಊಟ ಮಾಡಿಸಿ ಕಳಿಸಿದ್ದಾರೆ, ಅಷ್ಟು. ಈ ಕಥೆ ಇಲ್ಲಿ ಬರೆದಿರುವುದು ಅಣ್ಣ-ತಂಗಿ ಇಬ್ಬರ ಒಪ್ಪಿಗೆಯಿಂದಲೇ. ತರಕಾರಿಯ ಹೆಸರು ಕೇಳಿ ಹೀರೇಕಾಯಿ, “ಅವ್ನಿಗೆ ಸರ್ಯಾಗೇ ಇಟ್ಟಿದಾರೆ,” ಎಂದರು.

ಪ್ರಭುದೇವ ಚಪ್ಪಾಳೆ ತಟ್ಟಿದರು. ದಾಕ್ಷಾಯಣಿ ತಟ್ಟಲಿಲ್ಲ. ಕನ್ನಡಕ ಒರೆಸಿಕೊಂಡು ಕೇಳಿದರು: “ಅಣ್ಣ ತಂಗಿ ಬಾಗ್ಲಲ್ಲಿ ನಿಂತಿದ್ರಲ್ಲ, ಆಗ ನೀನೆಲ್ಲಿದ್ದೆ?”

“ಗುಬ್ಬೀಲಿ ಮೇಡಂ. ಆಫೀಸಲ್ಲಿ ಚಿತ್ರಾನ್ನ ತಿಂತಿದ್ದೆ.”

“ಹೆಂಗಿತ್ತು?”

“ಉಪ್ಪು ಒಂಚೂರು ಜಾಸ್ತಿ.”

“ಪರ್ವಾಗಿಲ್ಲ,” ಎಂದ ದಾಕ್ಷಾಯಣಿ ಈಗ ಚಪ್ಪಾಳೆ ತಟ್ಟಿದರು. ಆಮೇಲೆ ಪ್ರಭುದೇವರ ಕಡೆ ತಿರುಗಿದರು. “ನಿಮ್ದೇನಪ್ಪ ಈ ವಾರ?”

“ಕುಂಬಳಕಾಯಿ ಮೇಡಂ,” ಎಂದು ಪ್ರಭುದೇವ ನಿಟ್ಟುಸಿರಿಟ್ಟರು. “ಭಾರಿ ಗಟ್ಟಿ.”