ದುರ್ಬೀನಮ್ಮನ ನಲವತ್ತು ನಿಮಿಷ

ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ; ಅವಳನ್ನು ಹೊಗಳಲು ಕೂತಿದ್ದೇನೆ ಎಂದು ಯಾರೂ ಅಂದುಕೊಳ್ಳುವುದು ಬೇಡ.

ನಾವು ವಿಡಿಯೋ ಗೇಮ್ ಮಾಡುವವರು. ಹದಿನಾರು ಜನ, ಎರಡು ಕೋಣೆ, ಒಂದೇ ಕಿಟಕಿ. ದೋಣಿಯವಳೊಬ್ಬಳು ನದಿಯುದ್ದಕ್ಕೂ ಪತ್ರ ಮುಟ್ಟಿಸುವ ಆಟವೊಂದಕ್ಕೆ ಮೂರು ವರ್ಷ ಬೆವರು ಸುರಿಸಿದ್ದೆವು. ಆಡುವವರು ಎಲ್ಲಿಯವರೆಗೆ ಬಂದರೆಂದು ನೆನಪಿಡುವ ಭಾಗ, ಅಂದರೆ ಸೇವ್, ನಾನು ಬರೆದದ್ದು. ಹೊಸ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಮೆಷಿನ್ನು, ಅಂಗಡಿಗೆ ಬರುವ ದಿನವೇ ನಮ್ಮ ಆಟವೂ ಬರಬೇಕೆಂದು ನಿಶ್ಚಯವಾಗಿತ್ತು.

ನನಗೆ ಮಾತ್ರ ಊರವರು ಏನೆನ್ನುತ್ತಾರೆ ಎನ್ನುವುದಕ್ಕಿಂತ ಅಕ್ಕ ಏನೆನ್ನುತ್ತಾಳೋ ಎಂಬುದೇ ಚಿಂತೆ. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಕಂಟ್ರೋಲರ್ ಒಂದೇ. ಅವಳು ಆಡುವಾಗ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ, ನಾನು ಆಡುವಾಗ ಅವಳು ಬೈಯುತ್ತಿದ್ದಳು. “ನಿನ್ನ ಆಟ ಬರ್ಲಿ, ಚೆನ್ನಾಗಿಲ್ದಿದ್ರೆ ಮುಖಕ್ಕೇ ಹೇಳ್ತೀನಿ” ಎಂದು ಮೂರು ವರ್ಷದಿಂದ ಹೆದರಿಸುತ್ತಿದ್ದಳು. ಅವಳ ಬಾಯಲ್ಲಿ ‘ಚೆನ್ನಾಗಿದೆ’ ಎಂದು ಬಂದರೆ ಸಾಕಿತ್ತು.

ಬಿಡುಗಡೆಗೆ ಐದು ತಿಂಗಳಿದ್ದಾಗ ಆಟದ ತಪ್ಪು ಹುಡುಕಲು ಬಂದವಳು ಇವಳು, ನಲವತ್ತೆಂಟರ ಹೆಂಗಸು. ಹತ್ತೊಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳನ್ನು ಒಳಮಗ್ಗುಲು ತಿರುವಿ ತಪ್ಪಿದ ಹೊಲಿಗೆ ಹುಡುಕಿದ್ದಳು. ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು, ಮಂಚದ ಪಕ್ಕ ಕೂತು ಹೊತ್ತು ಕಳೆಯಲೆಂದು ಯಾರದೋ ಹಳೆಯ ಕನ್ಸೋಲ್ ತಂದುಕೊಂಡಳಂತೆ. ನಮ್ಮ ಹಿಂದಿನ ಆಟ ಆಡಿ ಮೂವತ್ತೊಂದು ತಪ್ಪು ಬರೆದು ಕಳಿಸಿದ್ದಳು. ಬಾಸ್ ಅದನ್ನೋದಿ ಅವಳನ್ನೇ ಕರೆದು ಕೂರಿಸಿದರು. ಆಫೀಸಿನಲ್ಲಿ ಅವಳಿಗೆ ದುರ್ಬೀನಮ್ಮ ಎಂದು ಹೆಸರಿಟ್ಟವನು ನಾನೇ.

“ಸರ್, ಆಟದಲ್ಲಿ ಈ ಬಾಗಿಲು ಒಳಗಿಂದ ತೆಗಿಯತ್ತೆ, ಹೊರಗಿಂದ ತೆಗಿಯಲ್ಲ.”

“ಹೊರಗಿಂದ ಯಾರೂ ಬರಲ್ಲ ಮೇಡಂ.”

“ನಾನು ಬಂದ್ನಲ್ಲ?”

ಹೀಗೆ ದಿನಾ ತಲೆ ತಿನ್ನುತ್ತಿದ್ದಳು. ಒಂದೊಂದು ತಪ್ಪಿಗೂ ಎರಡೆರಡು ಪುಟ. “ತಪ್ಪು ಬರೀರಿ ಅಂದ್ರೆ ಕಾದಂಬರಿ ಬರೀತೀರಲ್ಲ! ಎರಡು ಸಾಲು ಸಾಕು” ಎಂದು ರೇಗಿದೆ. “ಸರಿ. ಎರಡು ಸಾಲು ನಿಮಗೆ, ಉಳಿದಿದ್ದು ನನ್ನ ಪುಸ್ತಕಕ್ಕೆ” ಎಂದು ಗೆರೆ ಹಾಕಿದ ನೋಟ್‌ಬುಕ್ ಒಂದನ್ನು ತಂದಿಟ್ಟುಕೊಂಡಳು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಆಟವನ್ನು ಅರ್ಧಕ್ಕೇ ಪಾಜ್ ಮಾಡಿ, ಕಂಟ್ರೋಲರ್ ಮೇಲೆ ನೋಟ್‌ಬುಕ್ ಮುಚ್ಚಿಟ್ಟು ಎದ್ದುಹೋಗುತ್ತಿದ್ದಳು. ಅತ್ತೆಗೆ ಫೋನು, ಕಿಟಕಿಯ ಹತ್ತಿರ ಒಂದಿಷ್ಟು ಹೊತ್ತು. ಆಡೋಕೆ ತಾನೆ ಇಟ್ಕೊಂಡಿರೋದು ಎಂದು ಕೇಳಿದರೆ, “ಮನೇಲಿ ಆಡೋರು ಮಧ್ಯೆ ಏಳಲ್ವಾ ಸರ್? ನಿಮ್ಗೆ ಕೂತಲ್ಲಿಗೇ ಎಲ್ಲಾ ತಂದ್ಕೊಡ್ತಾರೇನೋ” ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಬಿಡುಗಡೆಗೆ ಹದಿನೆಂಟು ದಿನವಿದ್ದಾಗ ಅವಳ ಎರಡು ಸಾಲು ಬಂತು: ಸೇತುವೆಯ ಕೆಳಗೆ ದೋಣಿ ನಿಲ್ಲಿಸಿ, ಆಟ ಪಾಜ್ ಮಾಡಿ, ನಲವತ್ತು ನಿಮಿಷ ಬಿಟ್ಟು ಬಂದರೆ ಸೇವ್ ಅಳಿಸಿಹೋಗುತ್ತದೆ. ನಾನು ದೋಣಿ ನಿಲ್ಲಿಸಿ ಹದಿನೈದು ನಿಮಿಷ ಗಡಿಯಾರ ನೋಡಿದೆ. ಏನೂ ಆಗಲಿಲ್ಲ. ಇವಳ ಹುಚ್ಚಿಗೆ ಇಷ್ಟು ಸಾಕೆಂದು, ‘ಪರೀಕ್ಷಿಸಲಾಗಿದೆ. ಹೀಗೆ ಯಾರೂ ಆಡುವುದಿಲ್ಲ. ಮುಚ್ಚಲಾಗಿದೆ’ ಎಂದು ಬರೆದೆ. ಅವಳು ಆ ದೂರನ್ನು ಮತ್ತೆ ತೆರೆದಳು. ಮುಚ್ಚಿದೆ. ಮತ್ತೆ ತೆರೆದಳು. ಮೂರನೆಯ ಸಲ ಬಾಸ್ ಹತ್ತಿರ ಹೋಗಿ, ಈಕೆ ಗಂಟೆಗಟ್ಟಲೆ ಆಟ ನಿಲ್ಲಿಸಿ ಓಡಾಡಿಕೊಂಡಿರುತ್ತಾಳೆ ಎಂದು ಚಾಡಿ ಹೇಳಿದೆ. ಬಿಡುಗಡೆಯ ಗಡಿಬಿಡಿಯಲ್ಲಿದ್ದ ಬಾಸ್ ಆ ಶುಕ್ರವಾರವೇ ಅವಳನ್ನು ಕಳಿಸಿದರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಹೋಗುವಾಗ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ನಿಂತು, “ನಲವತ್ತು ಅಂತ ಬರ್ದಿದ್ದೆ, ಸರ್” ಎಂದಳು, ಅಷ್ಟೇ.

ಬಿಡುಗಡೆಯ ದಿನ ಅಂಗಡಿಗಳ ಮುಂದೆ ಸಾಲು. ಎರಡು ದಿನ ಹೊಗಳಿಕೆಯೇ ಹೊಗಳಿಕೆ. ಮೂರನೆಯ ದಿನ ಗೇಮ್ ಸುದ್ದಿಯ ಜಾಲತಾಣವೊಂದು ‘ಆಡಿದ್ದೆಲ್ಲ ನೀರುಪಾಲು’ ಎಂದು ಬರೆಯಿತು. ಕೆಳಗೆ ನೂರಾರು ಜನರ ಬೈಗುಳ. ಸೇವ್ ಬರೆದವನ ಕೈ ಮುರೀಬೇಕು ಎಂದೂ ಒಬ್ಬರು ಬರೆದಿದ್ದರು. ನಾವು ಎರಡು ದಿನ ನಲವತ್ತು ನಿಮಿಷ, ಒಂದು ಗಂಟೆ ಕಾದು ನೋಡಿದೆವು. ನಮ್ಮ ಕೈಯಲ್ಲಿ ಒಮ್ಮೆಯೂ ಅಳಿಸಲಿಲ್ಲ. ಉಳಿದ ಸಾಲುಗಳು ಅವಳ ನೋಟ್‌ಬುಕ್ಕಿನಲ್ಲಿದ್ದವು. “ಕಳಿಸಿದ್ದು ನಿನ್ನ ಮಾತು ಕೇಳಿ. ಕೇಳೋದೂ ನೀನೇ ಕೇಳು” ಎಂದರು ಬಾಸ್. ಅವಳ ಮುಂದೆ ಹಲ್ಲು ಗಿಂಜುವುದೇ? ನಾನು ಫೋನು ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಟಿವಿಯಲ್ಲಿ ದೋಣಿ ಇರಲಿಲ್ಲ. ‘ಹೊಸ ಆಟ’ ಎಂಬ ಗುಂಡಿಯೊಂದೇ ಇತ್ತು.

“ಕೊನೇ ಪತ್ರ ಒಂದೇ ಬಾಕಿ ಇತ್ತು ಕಣೋ. ದೋಣಿ ಸೇತುವೆ ಕೆಳಗೆ ನಿಲ್ಸಿ, ಮಗೂಗೆ ಸ್ನಾನ ಮಾಡ್ಸಿ, ಮಲಗ್ಸಿ ಬಂದೆ. ಎಲ್ಲಾ ಹೋಗ್ಬಿಟ್ಟಿದೆ. ನಾನೇ ಏನಾದ್ರೂ ಒತ್ತಿಬಿಟ್ನಾ?”

ಹೌದು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅವಳ ಮುಖ ನೋಡಲಾಗದೆ ಫೋನು ತೆಗೆದೆ.

“ಯಾರಿಗೆ ಮಾಡ್ತಿದ್ದೀಯ? ಸ್ಪೀಕರ್ ಹಾಕು, ನಂಗೂ ಕೇಳ್ಬೇಕು” ಎಂದಳು ಅಕ್ಕ.

ನಾನು ಯಾರೆಂದು ಹೇಳಿದ ಮೇಲೆ ಆ ಕಡೆ ಮುದುಕಿಯೊಬ್ಬರ ಕೆಮ್ಮು ಕೇಳಿಸಿತು. ಆಮೇಲೆ ದುರ್ಬೀನಮ್ಮನ ದನಿ.

“ಎಷ್ಟು ಹೊತ್ತು ಕಾದ್ರಿ, ಸರ್?”

“ನಿನ್ನೆ ಒಂದು ಗಂಟೆ...”

“ನಿನ್ನೇದಲ್ಲ. ಆವತ್ತು.”

“ಹದಿನೈದು ನಿಮಿಷ.”

“ಜೋರಾಗಿ ಹೇಳಿ. ನಮ್ಮತ್ತೆ ಕೆಮ್ತಿದ್ದಾರೆ, ಕೇಳಿಸ್ಲಿಲ್ಲ.”

“ಹದಿನೈದು!”

“ನಲವತ್ತು ಕಾದಿದ್ರೂ ನಿಮ್ಗೆ ಕಾಣಿಸ್ತಿರ್ಲಿಲ್ಲ. ಆದ್ರೆ ಬಂದು ನನ್ನನ್ನ ಕೇಳ್ತಿದ್ರಿ, ನಾನು ಪುಸ್ತಕ ತೋರಿಸ್ತಿದ್ದೆ. ನೀವೇನು ಬರೆದ್ರಿ? ಹೇಳಿ.”

“ಹೀಗೆ ಯಾರೂ ಆಡುವುದಿಲ್ಲ” ಎಂದೆ.

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. “ಅಕ್ಕಾ, ನಾನು ಇವನ ಅಕ್ಕ. ನಾನು ಹೀಗೇ ಆಡೋದು. ನೀವು ಹೇಳಿ, ನಾನು ಬರ್ಕೋತೀನಿ.”

ಆ ದನಿ ಇಷ್ಟು ಮೆತ್ತಗಾಗಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. “ನೀವು ಯಾಕಮ್ಮಾ ಎದ್ರಿ?”

“ಮಗು.”

“ನನಗೆ ಅತ್ತೆ. ಕಂಟ್ರೋಲರ್ ಎಲ್ಲಿಟ್ಟಿದ್ರಿ?”

“ದಿಂಬಿನ ಕೆಳಗೆ. ಹೊರಗಿಟ್ರೆ ಮಗು ಬಾಯಿಗೆ ಹಾಕ್ಕೊಳ್ಳತ್ತೆ.”

“ಅದೇ! ನಾನು ಪುಸ್ತಕದ ಕೆಳಗೆ ಇಡ್ತಿದ್ದೆ. ಗುಂಡಿ ಅದುಮಿರತ್ತೆ. ಅಷ್ಟರಲ್ಲಿ ಮೆಷಿನ್ನು ತಾನೇ ನಿದ್ದೆಗೆ ಹೋಗತ್ತೆ ನೋಡಿ, ಆಗ ಅಳಿಸಿಬಿಡತ್ತೆ.”

ಬರೆದುಕೊಳ್ಳಲು ನಾನು ಪೆನ್ನಿಗೆ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. “ಒಲೆ ಮೇಲೆ ಹಾಲಿದೆ, ಹೋಗಿ ನೋಡು” ಎಂದಳು.

ಅಡುಗೆಮನೆಯಲ್ಲಿ ಹಾಲಿನ ಮುಂದೆ ನಿಂತೆ. ಹೊರಗೆ ಇಬ್ಬರೂ ಮಾತಾಡುತ್ತಲೇ ಇದ್ದರು, ಮಧ್ಯೆ ಮಧ್ಯೆ ನಗುತ್ತಲೂ ಇದ್ದರು. ಮೂರು ವರ್ಷದಿಂದ ಕಾದಿದ್ದ ಪ್ರಶ್ನೆಯನ್ನು ತಡೆಯಲಾರದೆ ಅಲ್ಲಿಂದಲೇ ಕೂಗಿದೆ.

“ಅಕ್ಕಾ, ಆಟ ಹೇಗಿತ್ತು?”

“ಹೀಗೆ ಯಾರೂ ಆಡಲ್ಲ ಅಂದ್ಯಲ್ಲ ಕಣೋ, ನನ್ನನ್ನೇನು ಕೇಳ್ತೀಯ?” ಎಂದು, ಮತ್ತೆ ಫೋನಿನತ್ತ ತಿರುಗಿದಳು.