ರುಚಿ ಕೇಳಿದ ಉಸ್ತಾದ

ಉಸ್ತಾದರ ಬಲಗೈ ಮೇಲೆ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ತಂದೂರಿನೊಳಗೆ ಕೈಯಿಟ್ಟು ರೊಟ್ಟಿ ಬಡಿದು ಆ ಚರ್ಮ ತಿಕ್ಕಿದ ತಾಮ್ರದಂತೆ ಹೊಳೆಯುತ್ತಿತ್ತು. ಬೀದರದ ಆ ಹೋಟೆಲಿನಲ್ಲಿ ಅವರೇ ಮುಖ್ಯ ಅಡುಗೆಯವರು. ನಾನು ಕೆಲಸಕ್ಕೆ ಸೇರಿದ ದಿನ ಹೆಸರು ಕೇಳಲಿಲ್ಲ, ಊರು ಕೇಳಿದರು. ಅಂದಿನಿಂದ ನಾನು ‘ಔರಾದ’, ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ‘ಕಮಠಾಣ’.

ಉಳ್ಳಾಗಡ್ಡಿ ಒಂದೇ ಸಮ ಹೆಚ್ಚದಿದ್ದರೆ ತಾಟನ್ನೇ ನೆಲಕ್ಕೆ ಸುರಿಯುತ್ತಿದ್ದರು. ಯಾಕೆಂದು ಕೇಳಿದರೆ ಒಂದೇ ಉತ್ತರ: “ಬಾಯಿ ಬಂದ್, ಕೈ ಚಾಲೂ.” ಕಮಠಾಣದವಳು ನನಗಿಂತ ಜಾಣೆ. ಆದರೆ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಹೆಚ್ಚಿದ್ದನ್ನೇ ಮತ್ತೆ ಹೆಚ್ಚತೊಡಗುತ್ತಿದ್ದಳು. ವರ್ಷ ತುಂಬುವ ಮೊದಲೇ ಬಿಟ್ಟುಹೋದಳು. ನಾನು ಹಟ ಹಿಡಿದು ಉಳಿದೆ. ಕೈ ಪಳಗಿತು, ಯಾವುದಕ್ಕೆ ಏನು ಯಾಕೆ ಹಾಕುತ್ತಾರೆಂದು ಮಾತ್ರ ತಿಳಿಯಲಿಲ್ಲ.

ಒಮ್ಮೆ ಮದುವೆ ಊಟಕ್ಕೆಂದು ಬೇಳೆ-ಮಾಂಸ ಕೂಡಿಸಿ ಬೇಯಿಸಿದ ದಾಲ್ಚಾಕ್ಕೆ ಉಸ್ತಾದರು ಎರಡು ಸಲ ಉಪ್ಪು ಹಾಕಿದರು. ಐದು ಜನ ನೋಡಿದೆವು, ಐವರೂ ಸುಮ್ಮನಿದ್ದೆವು. ದಾಲ್ಚಾ ಹಾಗೆಯೇ ವಾಪಸು ಬಂತು. ಮಾಲೀಕರು ಬೈದು ಹೋದ ಮೇಲೆ ಅವರು ನನ್ನನ್ನು ಕರೆದರು.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು ರೀ.”

“ಮತ್ತ ಯಾಕ ಹೇಳ್ಲಿಲ್ಲ?”

“ಬಾಯಿ ಬಂದ್ ಅಂತ ನೀವೇ ಹೇಳ್ತೀರಲ್ರಿ.”

ಸೌಟು ಬೀಸಿಯಾರೆಂದು ಹಿಂದೆ ಸರಿದೆ. ಅವರು ಸ್ಟೂಲಿನ ಮೇಲೆ ಕುಸಿದು ಕುಳಿತರು. “ಜ್ವರ ಬಂದಾಗಿಂದ ನಾಲಿಗಿಗಿ ರುಚಿನೇ ಹತ್ತವಲ್ದು. ಯಾರ ಮುಂದನೂ ಹೇಳಿಲ್ಲ,” ಎಂದರು.

ಮರುದಿನದಿಂದ ಅವರು ಸೌಟು ನನ್ನ ಕೈಗೆ ಕೊಟ್ಟು ಕೇಳತೊಡಗಿದರು. “ಹುಳಿ ಮೊದಲ ಬರ್ತದೋ, ಖಾರನೋ? ನುಂಗಿದ ಮ್ಯಾಲ ಏನು ಉಳೀತದ?” ನಾನು ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಿ ಏನು ಕಮ್ಮಿ, ಯಾಕೆ ಎಂದು ಬಿಡಿಸಿ ಹೇಳಬೇಕು. ನಾಲ್ಕು ವರ್ಷದಲ್ಲಿ ಬಾರದ್ದು ಆರು ತಿಂಗಳಲ್ಲಿ ಬಂತು. ಕಮಠಾಣಕ್ಕೂ ತಾವೇ ಹೋಗಿ ಅವಳನ್ನು ಮತ್ತೆ ಕೆಲಸಕ್ಕೆ ಕರೆದರಂತೆ. ಅವಳು ಚಹಾ ಕೊಟ್ಟು, “ಒಲ್ಲೆ ರೀ” ಎಂದಳಂತೆ. ಬೈಗುಳವಿಲ್ಲದ ಅಡುಗೆಮನೆಯಲ್ಲಿ ಅವಳು ಏನಾಗುತ್ತಿದ್ದಳು? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೋದ ವರ್ಷ ಉಸ್ತಾದರು ತೀರಿಕೊಂಡರು. ಸುದ್ದಿ ಬಂದಾಗ ನಾನು ಭಾಲ್ಕಿಯಲ್ಲಿ ನನ್ನದೇ ಖಾನಾವಳಿಯ ಒಲೆಯ ಮುಂದಿದ್ದೆ. ಮಣ್ಣು ಕೊಟ್ಟು ಬಂದ ಮರುದಿನ, ಹೊಸದಾಗಿ ಸೇರಿದ ಹೆಂಗಸು ಮೆಲ್ಲಗೆ ಅಂದಳು: “ಅಕ್ಕಾ, ಒಗ್ಗರಣಿ ಸೀದದ ಅನಸ್ತದ್ರಿ.”

ಗಂಟಲಿನವರೆಗೆ ಬೈಗುಳ ಬಂತು, ಅವರದೇ ದನಿಯಲ್ಲಿ. ಅದೂ ಅವರಿಂದಲೇ ಬಂದದ್ದು. ನುಂಗಿಕೊಂಡು ರುಚಿ ನೋಡಿದೆ. ಸೀದಿತ್ತು.

“ಹೌದು, ತಂಗಿ. ಹ್ಯಾಂಗ ಗೊತ್ತಾಯ್ತು, ಹೇಳು,” ಎಂದೆ.