ಬಲಕ್ಕೆ ವಾಲಿದ ಜೀಪು

ನನ್ನ ಬಲಗಾಲಿನ ಮಂಡಿ ಮಡಚುವುದಿಲ್ಲ. ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದದ್ದು. ಮೂಳೆ ಕೂಡಿತು, ಮಂಡಿ ಮಾತ್ರ ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಅದಕ್ಕಾಗಿ ನಾನು ಕೂತು ಅತ್ತವಳಲ್ಲ. ಅಡಿಗೆ ಮಾಡುತ್ತಿದ್ದೆ, ಹಂದಿಗೆ ಹಾಕುತ್ತಿದ್ದೆ, ಕಣದಲ್ಲಿ ಕಾಫಿ ತಿರುವುತ್ತಿದ್ದೆ. ಆಗದೇ ಹೋದದ್ದು ಒಂದೇ, ಗಾಡಿ ಹತ್ತುವುದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನ ಮೈದುನ ಮಿಲಿಟರಿಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವನು, ಬಿಟ್ಟು ಬರುವಾಗ ಅವರು ಹರಾಜಿಗೆ ಹಾಕಿದ ಒಂದು ಡಿಸ್ಪೋಸಲ್ ಜೀಪು ಹಿಡಿದುಕೊಂಡು ಬಂದ. ಅದರ ಸ್ಟೇರಿಂಗು ಎಡಗಡೆ. ಪಕ್ಕದವರು ಬಲಗಡೆಯಿಂದ ಹತ್ತಬೇಕು. ಸೀಟು ನನ್ನ ಸೊಂಟಕ್ಕಿಂತ ಮೇಲೆ. ಒಂದು ಸಲ ಚೆಟ್ಟಳ್ಳಿಯಲ್ಲಿ ನನ್ನ ಗಂಡ ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿ ಒಳಗೆ ಕೂರಿಸಿದರು. ಕಾಫಿ ಕೊಯ್ಯಲು ಹೋಗುವ ಹೆಂಗಸರೆಲ್ಲ ಸಾಲಾಗಿ ನಿಂತು ನಗಾಡಿದರು. ಮನೆಗೆ ಬಂದು ಹೇಳಿದೆ, ಇನ್ನೊಮ್ಮೆ ಕಾಫಿ ಮೂಟೆಯ ಹಾಗೆ ನನ್ನನ್ನು ಎತ್ತಬೇಡಿ, ನಾಲ್ಕು ಜನ ಎತ್ತಿಕೊಂಡು ಹೋಗುವುದು ಒಮ್ಮೆ ಸಾಕು, ಸತ್ತ ಮೇಲೆ. ಆಮೇಲೆ ನಾನು ಎಲ್ಲಿಗೂ ಹೋಗಲಿಲ್ಲ.

ಹೀಗಿರುವಾಗ ಮೂರ್ನಾಡಿನ ಹತ್ತಿರದ ನನ್ನ ತವರಿನಿಂದ ಸುದ್ದಿ ಬಂತು. ನಮ್ಮವ್ವ ಹಾಸಿಗೆ ಹಿಡಿದಿದ್ದಾಳೆ. ನನ್ನ ಕಾಲಿನ ಸುದ್ದಿ ಅವಳಿಗೆ ಯಾರೋ ಹೇಗೆ ಹೇಗೋ ಮುಟ್ಟಿಸಿದ್ದರು. ನಾನೂ ತನ್ನ ಹಾಗೆ ಬಿದ್ದುಕೊಂಡೇ ಇದ್ದೇನೆ ಎಂದು ಅವಳ ನಂಬಿಕೆ. ಅವಳು ನಡೀತಾಳೆ ಎಂದು ಮನೆಯವರು ಎಷ್ಟು ಹೇಳಿದರೂ, ನನ್ನ ಸಮಾಧಾನಕ್ಕೆ ಹೇಳ್ತೀರಿ ಎನ್ನುತ್ತಿದ್ದಳಂತೆ. ಹೋಗಬೇಕಿತ್ತು. ಎತ್ತಿಸಿಕೊಂಡು ಹೋಗಿ ಇಳಿದರೆ ಅವಳ ನಂಬಿಕೆಯೇ ನಿಜವಾಗುತ್ತಿತ್ತು. ಆ ನೋಟ ಕಂಡು ಅವಳು ಕಣ್ಣು ಮುಚ್ಚುವುದು ನನಗೆ ಬೇಡವಾಗಿತ್ತು.

ಮೈದುನನಿಗೆ ಹೇಳಿದೆ. ಅವನು ಜೀಪಿನ ಸುತ್ತ ಒಂದು ಸುತ್ತು ಬಂದ.

"ಅತ್ತಿಗೆ, ನಿಮ್ಮ ಕಾಲು ಉದ್ದ ಮಾಡಿಕ್ಕೆ ನನ್ನಿಂದ ಆಗ. ಜೀಪನ್ನ ಗಿಡ್ಡ ಮಾಡ್ಬೋದು."

"ಎಂತ, ಚಕ್ರ ಕೊಯ್ತೀಯಾ?"

"ಚಕ್ರ ಅಲ್ಲ, ಪಟ್ಟಿ."

ಜೀಪಿನ ಅಡಿಯಲ್ಲಿ ನಾಲ್ಕು ಚಕ್ರಕ್ಕೂ ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿಗಳು, ಒಂದರ ಮೇಲೊಂದು ಅಡಕಿರುತ್ತವೆ. ಸ್ಪ್ರಿಂಗು ಎಂದರೆ ಅದೇ. ಅದರಲ್ಲಿ ಕೆಲವು ತೆಗೆದರೆ ಗಾಡಿ ತಗ್ಗುತ್ತದೆ. ಕಣಕ್ಕೆ ತಂದು ಜಾಕು ಕೊಟ್ಟು ಎತ್ತಿ, ಅಡಿಗೆ ಮರದ ದಿಮ್ಮಿ ಇಟ್ಟು, ನಾಲ್ಕನ್ನೂ ಬಿಚ್ಚಿ ಹಾಕಿದ. ಕೆಲವು ಪಟ್ಟಿ ಹೊಸವು, ಗಟ್ಟಿ. ಕೆಲವು ಹಳೆಯವು, ಸೋತವು. ಎರಡೂ ಕಡೆ ಸಮ ಬರಲಿ ಎಂದು ಯಾವುದು ಎಲ್ಲಿಗೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗೋಣಿಯ ಮೇಲೆ ಬೇರೆ ಬೇರೆ ಇಟ್ಟು, ಯಾವುದೋ ಬೋಲ್ಟು ತರಲು ಪೇಟೆಗೆ ಹೋದ.

ಮಾರನೇ ದಿನ ಕೈಲ್ ಮುಹೂರ್ತ. ಕೋವಿ, ಕತ್ತಿ, ನೇಗಿಲು ಎಲ್ಲ ತೊಳೆದು ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡುವ ಹಬ್ಬ. ಇಟ್ಟ ಮೇಲೆ ಪೂಜೆ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮತ್ತೆಗೆ ಮನೆಯ ಕಬ್ಬಿಣ ಒಂದು ತುಂಡೂ ಹೊರಗೆ ಉಳಿಯಬಾರದು. ನಾನು ಹಿಂದಿನ ಕೊಟ್ಟಿಗೆಯಲ್ಲಿದ್ದೆ. ಬಂದು ನೋಡುವಾಗ ಗೋಣಿ ಖಾಲಿ. ದೇವರ ಕೋಣೆಯಲ್ಲಿ ಕೋವಿಯ ಪಕ್ಕ ಜಾಕು, ಸ್ಪ್ಯಾನರು, ಪಟ್ಟಿಗಳು. ಹುಣಸೆಹುಳಿ, ಬೂದಿ ಹಾಕಿ ಉಜ್ಜಿ, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಜೋಡಿಸಿ, ಗಂಧ ಹಚ್ಚಿ, ಮೇಲೆ ಕೋವಿಗೆ ಮುಡಿಸುವ ತೋಕ್ ಪೂ ಹೂವು ಇಟ್ಟಿದ್ದರು.

ಮೈದುನ ಬಂದವನು ಬಾಗಿಲಲ್ಲಿ ನಿಂತ.

"ಅವ್ವಾ, ನಾನು ಹಾಕಿದ ಗುರುತು ಎಲ್ಲಿ?"

"ಎಂತ ಗುರುತು? ಮಕ್ಕಳು ಗೀಚಿದ ಹಾಂಗೆ ಇತ್ತು, ತೊಳೆದೆ. ಗ್ರೀಸು ಹಿಡಿದು ಎಷ್ಟು ಕೊಳೆ! ಮಿಲಿಟರಿಲಿ ನಿಂಗೆ ಆಯುಧ ತೊಳೆಯಿಕ್ಕೆ ಕಲಿಸಲಿಲ್ಲವಾ?"

"ಅದು ಆಯುಧ ಅಲ್ಲ ಅವ್ವ, ಸ್ಪ್ರಿಂಗು!"

"ಕಬ್ಬಿಣ ತಾನೆ? ನಾಳೆ ಪೂಜೆ ಆಗುವವರೆಗೆ ಮುಟ್ಟಿದರೆ ಕೈ ಮುರೀತೇನೆ."

ಅವನು ಮುಟ್ಟಲಿಲ್ಲ. ಮಾರನೇ ದಿನ ಪೂಜೆಯಾಗಿ, ಹಂದಿಮಾಂಸ, ಕಡಂಬಿಟ್ಟು ತಿಂದು, ಗಂಡಸರೆಲ್ಲ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋದಾಗ ಇವನೊಬ್ಬ ಜೀಪಿನ ಅಡಿಗೆ ತೂರಿದ. ಗುರುತಿಲ್ಲ, ಕೆಲವು ಪಟ್ಟಿ ಬಿಟ್ಟು ಉಳಿದವನ್ನು ಅಂದಾಜಿನಲ್ಲಿ ಜೋಡಿಸಿದ. ದಿಮ್ಮಿ ತೆಗೆದು ಇಳಿಸಿದ ಕೂಡಲೆ ಜೀಪು ನಾನು ಹತ್ತುವ ಕಡೆಗೆ, ಬಲಕ್ಕೆ ವಾಲಿತು. ಸೋತ ಪಟ್ಟಿಗಳೆಲ್ಲ ಒಂದೇ ಕಡೆ ಸೇರಿದ್ದವು.

"ಥೂ," ಎಂದ. "ಕುಡುಕ ನಿಂತ ಹಾಂಗೆ ಆಯ್ತು. ಮತ್ತೆ ಬಿಚ್ಚಬೇಕು. ನಾಳೆ ಇಡೀ ದಿನ ಬೇಕು."

ಅಷ್ಟರಲ್ಲಿ ತವರಿನ ಆಳು ಬಂದ. ಅವ್ವ ಹಿಂದಿನ ದಿನದಿಂದ ಗಂಜಿ ಬಿಟ್ಟಿದ್ದಾಳೆ ಎಂದ.

ನಾನು ಕೋಲು ಊರಿಕೊಂಡು ಜೀಪಿನ ಹತ್ತಿರ ಹೋದೆ. ಬೆನ್ನು ತಿರುಗಿಸಿ ನಿಂತು ಹಿಂದಕ್ಕೆ ಒರಗಿದೆ. ಸೀಟು ಸೊಂಟದ ಕೆಳಗೆ ಸಿಕ್ಕಿತು. ಕೂತೆ. ಮಡಚದ ಕಾಲನ್ನು ಕೈಯಲ್ಲಿ ಹಿಡಿದು ಒಳಗೆ ಎಳೆದುಕೊಂಡೆ. ಯಾರೂ ನನ್ನನ್ನು ಮುಟ್ಟಲಿಲ್ಲ. ಜೀಪು ಸಮವಾಗಿ ನಿಂತಿದ್ದರೆ ಎರಡು ಬೆರಳು ಎತ್ತರಕ್ಕೆ ನಾನು ಸೋಲುತ್ತಿದ್ದೆ.

"ಬಿಚ್ಚಬೇಡ. ಹೊರಡು," ಎಂದೆ.

ಜಗಲಿಯಲ್ಲಿ ಅತ್ತೆ ಎಲೆಯಡಿಕೆ ಹಾಕುತ್ತ ಮಗನಿಗೆ ಹೇಳಿದರು, "ನೋಡು, ತೊಳೆದದ್ದಕ್ಕೆ ಕೂತಳು. ನಿನ್ನ ಗೀಚು ನಂಬಿದ್ದರೆ?"

ಅವನು ಜೀಪು ಸ್ಟಾರ್ಟ್ ಮಾಡಿದ. ದಾರಿಯುದ್ದಕ್ಕೂ ಗುಂಡಿ ಸಿಕ್ಕಿದಲ್ಲೆಲ್ಲ ತಳ ಬಡಿಯಿತು, ಅವನು ಹಲ್ಲು ಕಚ್ಚಿಕೊಂಡು ಎತ್ತಿನ ಗಾಡಿಯ ಹಾಗೆ ಓಡಿಸಿದ. ನನಗಾಗಿ. ಅದನ್ನು ನಾನು ಮರೆತಿಲ್ಲ. ಅತ್ತೆಯ ಜೊತೆ ನನಗೆ ಆಗಿಬರುತ್ತಿರಲಿಲ್ಲ, ಆದರೆ ಆ ಹುಣಸೆಹುಳಿ, ಬೂದಿಗೆ ನಾನು ಇವತ್ತೂ ಕೈ ಮುಗಿಯುತ್ತೇನೆ.

ತವರಿನ ಅಂಗಳದಲ್ಲಿ ನಾನೇ ಇಳಿದೆ, ನಾನೇ ನಡೆದು ಒಳಗೆ ಹೋದೆ. ಅವ್ವ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದಳು.

"ನಡೀತೀಯಾ?"

"ಕಾಣ್ತಿಲ್ಲವಾ?"

"ಹಾಂಗಾರೆ ಹೋಗಿ ಗಂಜಿ ತಾ."

ಅಡಿಗೆಮನೆಗೆ ಹೋಗಿ ತಂದೆ. ನನ್ನ ಹೆಜ್ಜೆಯ ಸದ್ದನ್ನು ಅವಳು ಕಿವಿ ಕೊಟ್ಟು ಕೇಳುತ್ತಿದ್ದಳು. ಬಟ್ಟಲು ಪೂರ್ತಿ ಕುಡಿದಳು. ಹುತ್ತರಿ ಹಬ್ಬಕ್ಕೆ ಮೊದಲೇ ತೀರಿಹೋದಳು, ಅದು ಬೇರೆ. ಅವತ್ತು ಕುಡಿದಳು.

ಖಾಲಿ ಬಟ್ಟಲು ತೊಳೆಯಲು ಹೊರಗೆ ಬಂದರೆ ಮೈದುನ ಜೀಪಿನ ಅಡಿಯಲ್ಲಿ ಮಲಗಿದ್ದ, ಕೈಯಲ್ಲಿ ಸ್ಪ್ಯಾನರು. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿಂದಲೇ ಕೂಗಿದ:

"ಬೋಲ್ಟು ಬಿಗಿ ಮಾಡ್ತಿದ್ದೇನೆ ಅಷ್ಟೆ ಅತ್ತಿಗೆ! ವಾಲಿದ್ದನ್ನ ಮುಟ್ಟಲಿಲ್ಲೆ!"